ಗಬ್ಬೂರಿನಿಂದ ಬಾಕಿ ಉಳಿದ ನಡಿಗೆ

ರಾಯಚೂರಿನಲ್ಲಿ ಬೇಕರಿ ಇಟ್ಟಿರುವ ಕಾಕನ ಮನೆಗೆ ನಾವು ಹೋದದ್ದು 2025ರ ಮಾರ್ಚ್ ಮೂರನೇ ವಾರ. ಹದಿನೆಂಟನೇ ನೋಂಬು ಇರಬೇಕು. ಆ ವರ್ಷ ಯುಗಾದಿ ಮಾರ್ಚ್ 30ಕ್ಕೆ, ಪೆರ್ನಾಳ್ ಅದರ ಮರುದಿನ. ಹಾಗಾಗಿ ಊರಿಡೀ ಎರಡು ಬಗೆಯ ಜನ ಬಿಸಿಲಲ್ಲಿ ಬಾಡಿದ ಮುಖ ಹೊತ್ತು ಓಡಾಡುತ್ತಿದ್ದರು. ನೋಂಬಿನವರು ಒಂದು ಕಡೆ, ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗಳು ಇನ್ನೊಂದು ಕಡೆ.

ಕಾಕ ನಮ್ಮ ಊರು ಬಿಟ್ಟು ರಾಯಚೂರು ಸೇರಿ ಇಪ್ಪತ್ತು ವರ್ಷ ದಾಟಿತು. ಅಂಗಡಿಯ ಎದುರು ಒಂದು ಬೆಂಚು, ಒಂದು ಮಣ್ಣಿನ ಹರವಿ ತುಂಬಾ ನೀರು. ಪಾದಯಾತ್ರಿಗಳು ಬಂದರೆ ಬನ್ನು, ಚಹಾಕ್ಕೆ ದುಡ್ಡು ಇಲ್ಲ. ನೋಂಬು ಹಿಡಿದ ಮನುಷ್ಯ ನಡುಮಧ್ಯಾಹ್ನ ಬೇರೆಯವರಿಗೆ ಚಹಾ ಸೋಸಿ ಕೊಡುವುದನ್ನು ನೋಡಿ ನಾವು ನಕ್ಕೆವು. ‘ನಮಗೆ ಸಂಜೆ ಆರೂವರೆಗೆ ಸಿಗ್ತದೆ, ಇವರಿಗೆ ಮುಂದಿನ ಊರು ಬರುವವರೆಗೆ ಸಿಗುವುದಿಲ್ಲ’ ಎಂದರು ಕಾಕ.

ಆ ದಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಸುರಪುರ ಕಡೆಯ ರೈತರು, ಐವತ್ತೈದರ ಆಸುಪಾಸು. ಬಲಗಾಲಿಗೆ ಬಟ್ಟೆ ಸುತ್ತಿತ್ತು. ಚಹಾ ಕೊಟ್ಟರೂ ಕುಡಿಯಲಿಲ್ಲ. ಏನಾಯಿತು ಎಂದು ಕೇಳಿದ್ದಕ್ಕೆ, ‘ನಮ್ಮ ನಡಿಗಿ ಮುರದು ಹೋಗ್ಯಾದ್ರಿ ಸಾಹುಕಾರ್ರ’ ಎಂದರು.

ಆದದ್ದು ಇಷ್ಟೆ. ಊರಿನವರ ಜೊತೆ ಹೊರಟು, ತಿಂಥಣಿ ಸೇತುವೆಯಲ್ಲಿ ಕೃಷ್ಣೆ ದಾಟಿ, ದೇವದುರ್ಗದಲ್ಲಿ ಒಂದು ರಾತ್ರಿ ಮಲಗಿ ಗಬ್ಬೂರಿನವರೆಗೆ ನಡೆದಿದ್ದಾರೆ. ಬರಿಗಾಲು. ಗಬ್ಬೂರಿಗೆ ಬರುವಷ್ಟರಲ್ಲಿ ಅಂಗಾಲಿನ ಬೊಕ್ಕೆ ಒಡೆದು ರಕ್ತ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಅಲ್ಲಿ ಯಾರೋ ಪುಣ್ಯಾತ್ಮರು ಗೂಡ್ಸ್ ಆಟೊದಲ್ಲಿ ಹತ್ತಿಸಿಕೊಂಡು ರಾಯಚೂರಿಗೆ ತಂದು ಬಿಟ್ಟಿದ್ದಾರೆ. ಜೊತೆಯವರು ಹಿಂದಿನಿಂದ ನಡೆದು ಬಂದು ಸೇರಿದ ಮೇಲೆ ಒಬ್ಬ ಹುಡುಗ ಹೇಳಿದನಂತೆ: ‘ಗಾಡಿ ಏರಿದ ಮ್ಯಾಲ ಎಂಥಾ ಪಾದಯಾತ್ರಿ? ಇನ್ನ ಬಸ್ಸಿಗೇ ಹೋಗಿಬಿಡು ಕಾಕಾ.’ ಹುಡುಗ ತಮಾಷೆಗೆ ಹೇಳಿದ್ದೋ ಏನೋ. ಇವರಿಗೆ ಅದು ಕಾಲಿನ ಗಾಯಕ್ಕಿಂತ ಜಾಸ್ತಿ ಆಗಿತ್ತು. ಮರುದಿನ ಬೆಳಿಗ್ಗೆಯೇ ಬಸ್ಸಲ್ಲಿ ಗಬ್ಬೂರಿಗೆ ವಾಪಸು ಹೋಗಿ, ಬಿಟ್ಟುಹೋದ ದಾರಿಯನ್ನು ಅದೇ ಕಾಲಲ್ಲಿ ನಡೆದು ಬರುತ್ತೇನೆ ಎಂದು ಹಟ ಹಿಡಿದಿದ್ದರು. ಮೂವತ್ತು ಕಿಲೋಮೀಟರಿನ ಹತ್ತಿರ ಹತ್ತಿರದ ದಾರಿ ಅದು.

ಕರಾವಳಿಯ ಮನೆಗಳಿಗೆ ಈ ದಾರಿಗಳ ಪರಿಚಯ ಇರಲಿಕ್ಕಿಲ್ಲ, ಸ್ವಲ್ಪ ಹೇಳಿಬಿಡುತ್ತೇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಕೊಪ್ಪಳ ಕಡೆಯಿಂದ ಯುಗಾದಿಗೆ ಶ್ರೀಶೈಲದ ಮಲ್ಲಿಕಾರ್ಜುನನ ಸನ್ನಿಧಿಗೆ ನಡೆದು ಹೋಗುವ ರೂಢಿ ಹಳೆಯದು. ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಇರುವ ರಾಯಚೂರು ಸೀಮೆ ಅವರಲ್ಲಿ ಬಹಳ ಮಂದಿಗೆ ಹಾದುಹೋಗುವ ನೆಲ. ಸುರಪುರದವರು ದೇವದುರ್ಗದ ಮೇಲೆ ಬರುತ್ತಾರೆ. ಲಿಂಗಸುಗೂರಿನವರಿಗೆ ಸಿರವಾರ. ಗಂಗಾವತಿ, ಸಿಂಧನೂರಿನವರಿಗೆ ಮಾನ್ವಿ. ಮುಂದೆ ಕರ್ನೂಲು ಸೀಮೆ, ಆತ್ಮಕೂರು, ವೆಂಕಟಾಪುರ. ಅಲ್ಲಿಗೆ ರಸ್ತೆ ಮುಗಿದು ನಲ್ಲಮಲ ಕಾಡು ಶುರು. ನಾಗಲೂಟಿ, ಭೀಮುನಿ ಕೊಲನು, ಕೊನೆಗೆ ಕೈಲಾಸ ದ್ವಾರದ ಏರು. ಹುಲಿ ಮೀಸಲು ಅರಣ್ಯ ಅದು, ಹಬ್ಬದ ದಿನಗಳಲ್ಲಿ ಮಾತ್ರ ನಡೆಯುವವರಿಗೆ ಬಿಡುತ್ತಾರೆ. ಕಾಡು ಬೇಡ ಎಂದವರಿಗೆ ಆತ್ಮಕೂರಿನಿಂದ ದೋರ್ನಾಳ ಸುತ್ತಿಕೊಂಡು ಬಸ್ಸು ಹೋಗುತ್ತದೆ.

ಇಲ್ಲೇ ಇದೆ ನೋಡಿ ತಕರಾರು. ಯಾವುದು ಪೂರ್ತಿ ನಡಿಗೆ?

ದಾರಿಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹೆಗಲ ಮೇಲೆ ಕಂಬಿ ಹೊತ್ತವರಿಗೆ ಕಂಬಿ ನಡೆಯುವುದು ಮುಖ್ಯ, ಹೊರುವವರು ಬದಲಾಗಬಹುದು. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ, ಅವರ ಲೆಕ್ಕಕ್ಕೆ ನಾವು ನೀವು ನಡೆಯುವುದು ನಡಿಗೆಯೇ ಅಲ್ಲ! ಗಂಟುಮೂಟೆಯನ್ನು ಟ್ರ್ಯಾಕ್ಟರಿಗೆ ಹಾಕಿ ಕೈಬೀಸಿ ನಡೆಯುವವರಿದ್ದಾರೆ, ಎಲ್ಲ ತಲೆಯ ಮೇಲೇ ಇರಬೇಕು ಎನ್ನುವವರೂ ಇದ್ದಾರೆ. ಕಾಡು ನಡೆದರೆ ಸಾಕು, ಡಾಂಬರು ರಸ್ತೆ ನಡೆಯುವುದರಲ್ಲಿ ಏನಿದೆ ಎನ್ನುತ್ತಾ ವೆಂಕಟಾಪುರದವರೆಗೆ ಬಸ್ಸಲ್ಲೇ ಹೋಗುವ ಹುಡುಗರ ಗುಂಪೂ ಸಿಕ್ಕಿತು. ಅವರೂ ಫೋಟೊಕ್ಕೆ ‘ಪಾದಯಾತ್ರೆ’ ಎಂದೇ ಬರೆಯುತ್ತಾರೆ.

ನಮಗೆ ಇದು ಹೊಸ ಚರ್ಚೆಯಲ್ಲ. 2022ರ ಜೂನ್ ನೆನಪಿಸಿಕೊಳ್ಳಿ. ಮಲಪ್ಪುರದ ಶಿಹಾಬ್ ಚೊಟ್ಟೂರ್ ಜೂನ್ 2ರಂದು ಮನೆಯಿಂದ ಮಕ್ಕಾಕ್ಕೆ ನಡೆದು ಹೊರಟವರು ತಲಪಾಡಿ ದಾಟಿ ಮಂಗಳೂರು, ಉಡುಪಿ ಹಾದು ಹೋದರು. ರಸ್ತೆಯ ಎರಡೂ ಬದಿ ಜನ. ನಮ್ಮ ಮನೆಯ ಮಕ್ಕಳೂ ಮಳೆಯಲ್ಲಿ ನಿಂತು ಕಾದಿದ್ದರು. ಆಮೇಲೆ ಪಾಕಿಸ್ತಾನದ ವೀಸಾ ಸಿಗದೆ ಅವರು ಪಂಜಾಬಿನ ಗಡಿಯ ಬಳಿ ತಿಂಗಳುಗಟ್ಟಲೆ ಕಾದು ಕೂರಬೇಕಾಯಿತು. ಆಗ ನಮ್ಮದೇ ಹೋಟೆಲು ಬೆಂಚುಗಳಲ್ಲಿ ಏನೆಲ್ಲ ಮಾತು ಬಂತು! ‘ನಿಂತಲ್ಲಿಗೆ ಮುಗಿಯಿತಲ್ಲ’ ಎಂದು ಒಬ್ಬರು, ‘ವಿಮಾನ ಹತ್ತಿದರೆ ಲೆಕ್ಕಕ್ಕಿಲ್ಲ’ ಎಂದು ಇನ್ನೊಬ್ಬರು. ಮನೆಯಿಂದ ಮಸೀದಿಗೆ ಬೈಕಲ್ಲಿ ಹೋಗುವವರೇ ಹೆಚ್ಚು ಮಾತಾಡಿದ್ದು, ನಮ್ಮನ್ನೂ ಸೇರಿಸಿ. ಅವರು ಮರುವರ್ಷದ ಹಜ್ಜಿನ ಹೊತ್ತಿಗೆ ಮಕ್ಕಾ ತಲುಪಿದರು.

ರಾಯಚೂರಿನವರಿಗೂ ಅದೇ ವರ್ಷ ಇನ್ನೊಂದು ನಡಿಗೆ ಕಣ್ಣೆದುರೇ ಹಾದುಹೋಯಿತು. ರಾಜಕೀಯ ಬದಿಗಿಟ್ಟು ಬರೀ ನಡಿಗೆಯ ಲೆಕ್ಕ ನೋಡುವ. 2022ರ ಸೆಪ್ಟೆಂಬರ್ 7ರಂದು ಕನ್ಯಾಕುಮಾರಿಯಿಂದ ಹೊರಟ ಭಾರತ್ ಜೋಡೊ ಯಾತ್ರೆ ಅಕ್ಟೋಬರ್ 21ರಂದು ಮಂತ್ರಾಲಯ ಕಡೆಯಿಂದ ಗಿಲ್ಲೇಸೂಗೂರಿಗೆ ಬಂತು, ಮರುದಿನ ರಾಯಚೂರು, 23ಕ್ಕೆ ಕೃಷ್ಣಾ ಸೇತುವೆ ದಾಟಿ ತೆಲಂಗಾಣ. ಅಲ್ಲಿ ದೀಪಾವಳಿಗೆ ರಜೆ, ಆಮೇಲೆ ನಿಲ್ಲಿಸಿದಲ್ಲಿಂದಲೇ ಮತ್ತೆ ಶುರು. 2023ರ ಜನವರಿ ಕೊನೆಗೆ ಕಾಶ್ಮೀರದ ದಾರಿಯಲ್ಲಿ ಮಳೆ, ಭೂಕುಸಿತದಿಂದ ಒಂದು ಕಡೆ, ಭದ್ರತೆಯ ಕಾರಣದಿಂದ ಖಾಜಿಗುಂಡ್ ಹತ್ತಿರ ಇನ್ನೊಂದು ಕಡೆ ಆ ದಿನದ ನಡಿಗೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಜನವರಿ 30ಕ್ಕೆ ಶ್ರೀನಗರದಲ್ಲಿ ಮುಗಿದಾಗ ಎಲ್ಲರೂ ಬರೆದದ್ದು ಕನ್ಯಾಕುಮಾರಿಯಿಂದ ಕಾಶ್ಮೀರ, ಸುಮಾರು 4,000 ಕಿಲೋಮೀಟರ್ ಎಂದೇ. ಬಿಟ್ಟುಹೋದ ಆ ಕೆಲವು ಕಿಲೋಮೀಟರಿಗಾಗಿ ‘ಪೂರ್ತಿಯಾಗಲಿಲ್ಲ’ ಎಂದು ಯಾರೂ ಜಗಳಕ್ಕೆ ಬರಲಿಲ್ಲ. ದೊಡ್ಡವರ ನಡಿಗೆಗೆ ಇರುವ ಈ ರಿಯಾಯಿತಿ ಸುರಪುರದ ರೈತನಿಗೆ ಯಾಕಿಲ್ಲ ಎಂದು ನಮಗೆ ಆ ಬೆಂಚಿನ ಮೇಲೆ ಕೂತಾಗ ಅನಿಸಿತು.

ಹೊರದೇಶದಲ್ಲಿ ಇದಕ್ಕೆ ಬರೆದಿಟ್ಟ ನಿಯಮಗಳೇ ಇವೆ. ಅಮೆರಿಕದ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ 14 ರಾಜ್ಯ ದಾಟಿ ಸುಮಾರು 3,500 ಕಿಲೋಮೀಟರ್ ಹೋಗುತ್ತದೆ. ದಾರಿಯುದ್ದಕ್ಕೂ ಮರಗಳ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಅಲ್ಲಿಯೂ ಇದೇ ಜಗಳ: ಪ್ರತಿಯೊಂದು ಬಿಳಿ ಪಟ್ಟಿ ದಾಟಿದವನೇ ನಿಜವಾದ ನಡಿಗೆಗಾರ ಎನ್ನುವವರು ಒಂದು ಪಂಗಡ. ರಸ್ತೆಗೆ ಇಳಿದು ಗಾಡಿ ಹತ್ತಿದವರಿಗೆ ಹೆದ್ದಾರಿಯ ಹಳದಿ ಗೆರೆಯ ಹೆಸರಲ್ಲಿ ಅಡ್ಡಹೆಸರು ಬೇರೆ. ಆದರೆ ದಾರಿ ನೋಡಿಕೊಳ್ಳುವ ಸಂಸ್ಥೆ ಮಾತ್ರ ತಣ್ಣಗಿದೆ. ಪೂರ್ತಿ ನಡೆದೆ ಎಂದು ನೀವೇ ಬರೆದು ಕೊಟ್ಟರೆ ನಂಬಿ ಪ್ರಮಾಣಪತ್ರ ಕೊಡುತ್ತದೆ. ಯಾವ ತುದಿಯಿಂದ ಶುರು ಮಾಡಿದಿರಿ, ಎಷ್ಟು ವರ್ಷ ಹಿಡಿಯಿತು, ಚೀಲ ಹೊತ್ತಿದ್ದಿರೋ ಇಲ್ಲವೋ ಎಂದು ಕೇಳುವುದಿಲ್ಲ. ಬೆಂಕಿ, ನೆರೆ, ಬಿರುಗಾಳಿ ಬಂದಾಗ ಸುತ್ತುದಾರಿ ಹಿಡಿದರೂ ಲೆಕ್ಕಕ್ಕೆ ಇದೆ. ಒಂದೇ ಉಸಿರಿಗೆ ನಡೆದವನಿಗೂ ಇಪ್ಪತ್ತು ವರ್ಷದಲ್ಲಿ ತುಂಡು ತುಂಡಾಗಿ ನಡೆದವನಿಗೂ ಕಾಗದ ಒಂದೇ.

ಅದರಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿ ಬೇರೆ. ಮೇಯ್ನ್ ರಾಜ್ಯದಲ್ಲಿ ಕೆನೆಬೆಕ್ ಎಂಬ ನದಿ ಅಡ್ಡ ಬರುತ್ತದೆ. ಸೇತುವೆ ಇಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ, ಹಾಗಾಗಿ ದಾಟಿಸಲು ದೋಣಿ ಇಟ್ಟಿದ್ದಾರೆ. ಆ ದೋಣಿಯ ಒಳಗೇ ಬಿಳಿ ಪಟ್ಟಿ ಬಳಿದಿದ್ದಾರೆ! ಅಂದರೆ ದೋಣಿಯಲ್ಲಿ ಕೂತು ದಾಟುವುದೇ ಅಧಿಕೃತ ಕಾಲುದಾರಿ. ಈಜಿ ದಾಟುತ್ತೇನೆಂದು ಹೋಗಿ ಯಾರೂ ಜೀವ ಕಳೆದುಕೊಳ್ಳಬಾರದು ಎಂದು ಮಾಡಿದ ವ್ಯವಸ್ಥೆ. ಕೃಷ್ಣೆಯ ನಡುಗಡ್ಡೆಗಳಿಗೆ ಹರಗೋಲಿನಲ್ಲಿ ಹೋಗಿ ಬರುವ ರಾಯಚೂರಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಪೇನಿನ ಸಾಂಟಿಯಾಗೊ ಯಾತ್ರೆಯಲ್ಲಿ ಇನ್ನೂ ಸಲೀಸು. ಎಲ್ಲಿಂದ ಬಂದರೂ ಸರಿ, 100 ಕಿಲೋಮೀಟರ್ ನಡೆದಿದ್ದರೆ, ಸೈಕಲ್ಲಾದರೆ 200 ತುಳಿದಿದ್ದರೆ, ದಾರಿಯ ಠಸ್ಸೆಗಳನ್ನು ನೋಡಿ ಪತ್ರ ಕೊಡುತ್ತಾರೆ.

ಇವನ್ನೆಲ್ಲ ಓದಿ ತಿಳಿದ ಜಂಬದಲ್ಲಿ ನಾವು ಮಾನ್ವಿಗೆ ಹೋದೆವು. ಕಾಕನ ಮಗಳನ್ನು ಕೊಟ್ಟದ್ದು ಅಲ್ಲಿಗೆ. ಅವರ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ಮೊಣಕಾಲು ನೋವು, ದೊಡ್ಡ ನಡಿಗೆ ಆಗುವುದಿಲ್ಲ. ಆದರೆ ಪ್ರತಿವರ್ಷ ಒಂದು ದಿನ ಗುಂಪಿನ ಜೊತೆ ನಡೆದು, ಸಂಜೆಗೆ ಬಸ್ಸು ಹಿಡಿದು ಮನೆಗೆ ಬರುತ್ತಾರೆ. ಮರುವರ್ಷ ಬಸ್ಸಲ್ಲಿ ಅದೇ ಊರಿಗೆ ಹೋಗಿ ಅಲ್ಲಿಂದ ಮುಂದಕ್ಕೆ. ಹೀಗೆ ಒಂಬತ್ತು ವರ್ಷ. ‘ಎಲ್ಲಿಗೆ ಮುಟ್ಟಿದ್ರಿ ಅಮ್ಮ?’ ಎಂದು ಕೇಳಿದೆವು. ‘ಕರ್ನೂಲು ದಾಟೀನಿ ನೋಡಪ್ಪ. ಕಾಡು ಉಳದದ. ಕಾಡಿನಾಗ ಬಸ್ ನಿಲ್ಲಂಗಿಲ್ಲ, ಅದೊಂದು ಹ್ಯಾಂಗ ಮಾಡದು ಅಂತ ವಿಚಾರ ಮಾಡಕತ್ತೀನಿ’ ಎಂದರು. ಅಮೆರಿಕದ ಸಂಸ್ಥೆ ಪುಸ್ತಕ ಬರೆದು ಮಾಡಿದ್ದನ್ನು ಅಜ್ಜಿ ಯಾರನ್ನೂ ಕೇಳದೆ ಮಾಡುತ್ತಿದ್ದಾರೆ. ಅರ್ಧ ನಡಿಗೆ ಎಂದು ಅವರಿಗೆ ಅನಿಸಿಯೇ ಇಲ್ಲ. ಬಾಕಿ ಇದೆ, ಅಷ್ಟೆ.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ. ಕಾಲೇಜಿನ ದಿನಗಳಲ್ಲಿ ಕುಕ್ಕೆಯಿಂದ ಕುಮಾರ ಪರ್ವತಕ್ಕೆಂದು ಹೊರಟು, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಹೊಟ್ಟೆ ತುಂಬಾ ಉಂಡು, ಮೇಲೆ ನೋಡಿ, ಸಾಕು ಎಂದು ಇಳಿದು ಬಂದೆವು. 1,712 ಮೀಟರಿನ ತುದಿ ನೋಡಲಿಲ್ಲ. ಮನೆಗೆ ಬಂದು ಉಮ್ಮನ ಹತ್ತಿರ ‘ಹತ್ತಿದೆವು’ ಎಂದೇ ಹೇಳಿದೆವು. ಗಬ್ಬೂರಿನಿಂದ ಆಟೊದಲ್ಲಿ ಬಂದೆ ಎಂದು ಕೇಳದೆಯೇ ಹೇಳಿದ ಆ ರೈತರ ಎದುರು ಇದು ನೆನಪಾಗಿ ಮುಖ ಬಿಸಿಯಾಯಿತು. ನಮಗೆ ತೋಚುವುದು ಇಷ್ಟು: ಗಾಡಿ ಹತ್ತುವುದರಿಂದ ನಡಿಗೆ ಕೆಡುವುದಿಲ್ಲ, ಹತ್ತಿಲ್ಲ ಎಂದು ಹೇಳಿದರೆ ಕೆಡುತ್ತದೆ. ಬಿಟ್ಟದ್ದನ್ನು ಬಿಟ್ಟೆ ಎಂದು ಹೇಳಿ, ಆಮೇಲೆ ನಡೆದು ತುಂಬಿದವನದು ಪೂರ್ತಿ ನಡಿಗೆಯೇ. ಯಾವ ಕ್ರಮದಲ್ಲಿ ತುಂಬಿದರೂ ಸರಿ, ಎಷ್ಟು ವರ್ಷ ಹಿಡಿದರೂ ಸರಿ. ವೆಂಕಟಾಪುರದವರೆಗೆ ಬಸ್ಸಲ್ಲಿ ಹೋಗಿ ಕಾಡು ಮಾತ್ರ ನಡೆದವರು ‘ಕಾಡು ನಡೆದೆವು’ ಎಂದು ಬರೆದುಕೊಳ್ಳಲಿ, ಅದೇನು ಸಣ್ಣ ಸಂಗತಿಯೇ?

ಇದನ್ನು ಇಷ್ಟು ಎಳೆದು ಹೇಳಲು ಕಾರಣ ಕಾಲು. ಸಕ್ಕರೆ ಕಾಯಿಲೆ ಹಳತಾದರೆ ಪಾದದ ಸ್ಪರ್ಶ ಮಂದವಾಗುತ್ತದೆ. ಬೊಕ್ಕೆ ಎದ್ದದ್ದೂ, ಒಡೆದದ್ದೂ, ಒಳಗೆ ಕೀವು ತುಂಬಿದ್ದೂ ಗೊತ್ತಾಗುವುದಿಲ್ಲ. ರಕ್ತದ ಓಟವೂ ಕಡಿಮೆ, ಗಾಯ ಮಾಯುವುದಿಲ್ಲ. ಬೆರಳು, ಆಮೇಲೆ ಪಾದವನ್ನೇ ಕತ್ತರಿಸಬೇಕಾದ ಮನೆಗಳು ನಮ್ಮಲ್ಲೂ ಕಡಿಮೆಯಿಲ್ಲ. ಬ್ಯಾರಿ ಮನೆಗಳಲ್ಲಿ ಶುಗರ್ ಮಾತ್ರೆ ಇಲ್ಲದ ಕಪಾಟು ಯಾವುದು ಹೇಳಿ? ಉಮ್ರಾಕ್ಕೆ ಹೋದ ನಮ್ಮ ಮಾಮ ಒಬ್ಬರು ಸಂಗಮರಮರಿ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಡೆದು ಹಿಮ್ಮಡಿ ಒಡೆದುಕೊಂಡು, ‘ಗಾಲಿಕುರ್ಚಿ ಹತ್ತಿದರೆ ಪೂರ್ತಿ ಆಗುತ್ತದಾ’ ಎಂಬ ಸಂಶಯದಲ್ಲೇ ಎರಡು ದಿನ ಕಳೆದು, ಊರಿಗೆ ಬಂದ ಮೇಲೆ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದ್ದರು. ನಡೆಯಲಾಗದವರು ತವಾಫನ್ನೂ ಸಫಾ ಮರ್ವಾದ ಸಅಯನ್ನೂ ಗಾಲಿಕುರ್ಚಿಯಲ್ಲಿ ಮಾಡಬಹುದು ಎಂದು ಉಸ್ತಾದರು ಹೊರಡುವ ಮೊದಲೇ ಹೇಳಿದ್ದರು. ಹಜ್ಜಿನಲ್ಲಿಯೂ ಬಿಟ್ಟುಹೋದ ಎಷ್ಟೋ ಕೆಲಸಕ್ಕೆ ಪರಿಹಾರ ಇದೆ, ಅರಫಾದಲ್ಲಿ ನಿಲ್ಲುವುದಕ್ಕೆ ಮಾತ್ರ ಇಲ್ಲ. ಯಾವುದು ಬಿಡುವಂತಿಲ್ಲ, ಯಾವುದಕ್ಕೆ ದಾರಿ ಇದೆ ಎಂಬುದು ಅಷ್ಟು ಸ್ಪಷ್ಟ ಇದ್ದೂ ಮಾಮನಿಗೆ ಪಕ್ಕದಲ್ಲಿ ನಡೆಯುವವರ ಕಣ್ಣು ಅಡ್ಡ ಬಂತು.

ಪಾದಯಾತ್ರೆಯಲ್ಲಿ ಅಂಥ ಲಿಖಿತ ನಿಯಮ ಇಲ್ಲ. ಜೊತೆಗಾರರ ನಾಲಗೆಯೇ ನಿಯಮ. ಆ ನಾಲಗೆ ಒಂದು ಮಾತು ಬಿಗಿಯಾದರೆ ಒಡೆದ ಕಾಲಲ್ಲಿ ಮೂವತ್ತು ಕಿಲೋಮೀಟರ್ ನಡೆಯಲು ಒಬ್ಬ ಮನುಷ್ಯ ತಯಾರಾಗುತ್ತಾನೆ. ಗುಂಪು ಕಟ್ಟುವ ಹಿರಿಯರು ಹೊರಡುವ ದಿನವೇ, ಕಾಲು ಒಡೆದವನು ಗಾಡಿ ಹತ್ತಬಹುದು, ಬಿಟ್ಟದ್ದನ್ನು ಮತ್ತೆ ತುಂಬಬಹುದು ಎಂದು ಎಲ್ಲರ ಎದುರು ಹೇಳಿಬಿಟ್ಟರೆ ಎಷ್ಟು ಚೆನ್ನ. ಶುಗರ್ ಇರುವವರು ಚಪ್ಪಲಿ, ಹತ್ತಿಯ ಕಾಲುಚೀಲ ಹಾಕಲಿ, ರಾತ್ರಿ ಮಲಗುವಾಗ ಕನ್ನಡಿ ಹಿಡಿದಾದರೂ ಅಂಗಾಲು ನೋಡಿಕೊಳ್ಳಲಿ, ಬೊಕ್ಕೆಯನ್ನು ಸೂಜಿಯಲ್ಲಿ ಚುಚ್ಚದಿರಲಿ.

ಬೇಕರಿಯ ಬೆಂಚಿಗೆ ವಾಪಸು ಬರುವ. ಕಾಕ ಅಂಗಡಿಯ ಹುಡುಗನನ್ನು ಕೂರಿಸಿ, ಅವರನ್ನು ಪಕ್ಕದ ಕ್ಲಿನಿಕ್ಕಿಗೆ ಕರೆದೊಯ್ದು ಕಾಲಿಗೆ ಪಟ್ಟಿ ಹಾಕಿಸಿ ತಂದರು. ಎರಡು ವಾರ ನೆಲಕ್ಕೆ ಭಾರ ಕೊಡಬೇಡಿ ಎಂದಿದ್ದರಂತೆ ಡಾಕ್ಟರು. ಆದರೂ ಇವರು ನಾಳೆಯ ಬಸ್ಸಿನ ಹೊತ್ತು ಕೇಳುತ್ತಿದ್ದರು. ಆಗ ಕಾಕ ಹೇಳಿದರು:

‘ಎಂಥ ಮುರಿಯುವುದು ಮಾರಾಯ್ರೆ? ನಮ್ಮಲ್ಲಿ ನೋಂಬು ಇದೆಯಲ್ಲ, ಹುಷಾರಿಲ್ಲದವನು ಬಿಡಬಹುದು. ಬಿಟ್ಟ ದಿನ ಎಷ್ಟು ಅಂತ ಲೆಕ್ಕ ಇಟ್ಟು ಆಮೇಲೆ ಹಿಡಿಯುವುದು. ಖಳಾ ಅಂತೇವೆ. ನನ್ನ ಹೆಂಡತಿಯದ್ದು ಈ ವರ್ಷ ಆರು ಬಾಕಿ. ನಿಮ್ಮದೂ ಹಾಗೇ ಇಟ್ಟುಕೊಳ್ಳಿ. ಗಬ್ಬೂರು ಎಲ್ಲಿಗೂ ಓಡಿ ಹೋಗುವುದಿಲ್ಲ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಂಗ ಮಾಡಿದ್ರ ಮಲ್ಲಯ್ಯ ಒಪ್ಪತಾನೇನ್ರಿ?’

‘ಅದು ನನಗೆ ಗೊತ್ತಿಲ್ಲ. ನೀವೂ ಅವನೂ ಮಾತಾಡಿಕೊಳ್ಳಬೇಕು. ಈಗ ಚಹಾ ಕುಡಿಯಿರಿ, ಆರಿತು.’

ಕುಡಿದರು. ಆ ರಾತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿದರು. ಎರಡು ದಿನದ ಮೇಲೆ ಮಗ ಬಂದು ಬಸ್ಸಲ್ಲಿ ಕರ್ನೂಲಿಗೂ ಅಲ್ಲಿಂದ ಶ್ರೀಶೈಲಕ್ಕೂ ಕರೆದುಕೊಂಡು ಹೋದ. ದರ್ಶನ ಆಯಿತು ಎಂದು ಯುಗಾದಿಯ ದಿನ ಫೋನು ಬಂತು. ಮರುದಿನ ಪೆರ್ನಾಳಿಗೆ ಮತ್ತೆ ಫೋನು, ಈ ಸಲ ನಮಗೆ ಮುಬಾರಕ್ ಹೇಳಲು.

ದೀಪಾವಳಿ ಕಳೆದು ಬಿಸಿಲು ಇಳಿದ ಮೇಲೆ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಪ್ಪ ಮಗ ಇಬ್ಬರೂ ಬೇಕರಿಯ ಎದುರು ನಿಂತಿದ್ದರಂತೆ. ಗಬ್ಬೂರಿನಿಂದ ನಡುರಾತ್ರಿ ಹೊರಟು ನಡೆದು ಬಂದದ್ದು. ಕಾಲಲ್ಲಿ ಕ್ಯಾನ್ವಾಸ್ ಬೂಟು. ಮೊದಲು ಬೂಟು ಬಿಚ್ಚಿ ಅಂಗಾಲು ತೋರಿಸಿದರು ಎಂದು ಕಾಕ ಫೋನಿನಲ್ಲಿ ನಗುತ್ತಾ ಹೇಳಿದರು. ಎರಡು ಬನ್ನು ತಿಂದು, ಮನೆಗೆಂದು ನಾಲ್ಕು ಕಟ್ಟಿಸಿಕೊಂಡು, ದುಡ್ಡು ಕೊಡಲು ಹೋಗಿ ಬೈಸಿಕೊಂಡರು.

‘ಈಗ ಪೂರ್ತಿ ಆಯಿತಲ್ಲ?’ ಎಂದು ಕಾಕ ಕೇಳಿದ್ದಕ್ಕೆ, ‘ಎಲ್ಲಿದ್ರಿ, ಇಲ್ಲಿಂದ ಮುಂದಿಂದೆಲ್ಲ ಇನ್ನೂ ಬಾಕಿ ಅದ. ಬರೋ ವರ್ಷ ಕರ್ನೂಲುತನ’ ಎಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟರಂತೆ.